ಅತ್ತೆಗೆ ಅರುಂಧತಿ ತೋರಿಸಲು ಹೋದದ್ದು

ಅರುಂಧತಿ ನಕ್ಷತ್ರವನ್ನು ನಾನು ಲೆಕ್ಕವಿಲ್ಲದಷ್ಟು ಮದುವೆಗಳಲ್ಲಿ ನೋಡಿಲ್ಲ. ನೋಡಿಲ್ಲ ಎಂದು ಇಷ್ಟು ಗಟ್ಟಿಯಾಗಿ ಹೇಳಬಲ್ಲೆ, ಯಾಕೆಂದರೆ ಪ್ರತಿ ಸಲವೂ ಭಟ್ಟರ ತೋರುಬೆರಳಿನ ಹಿಂದೆಯೇ ನಿಂತಿರುತ್ತೇನೆ. ಬೇಸಿಗೆಯ ಮಟಮಟ ಮಧ್ಯಾಹ್ನ. ಮದುಮಕ್ಕಳನ್ನು ಚಪ್ಪರದ ಅಂಚಿಗೆ ತಂದು ನಿಲ್ಲಿಸುತ್ತಾರೆ. ಭಟ್ಟರು ಉರಿಯುವ ಆಕಾಶದ ಯಾವುದೋ ಮೂಲೆಗೆ ಕೈ ಮಾಡಿ, "ವಸಿಷ್ಠರ ಪಕ್ಕ ಸಣ್ಣಗೆ ಇದ್ದಲ್ಲ, ಅದೇ ಅರುಂಧತಿ. ಕಂಡ್ತಾ?" ಎನ್ನುತ್ತಾರೆ. ಮದುಮಗ ಕಣ್ಣು ಕಿರಿದು ಮಾಡಿ "ಕಂಡ್ತು" ಎನ್ನುತ್ತಾನೆ. ಮದುಮಗಳು ತಲೆ ಎತ್ತುವ ಮೊದಲೇ "ಕಂಡ್ತು" ಎಂದಾಗಿರುತ್ತದೆ. ಫೋಟೋದವನು ಮಾತ್ರ "ಇನ್ನೊಮ್ಮೆ ಕೈ ಎತ್ತ್ರಿ ಸರ್, ಫೋಕಸ್ ಆಗಿಲ್ಲ" ಎಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತಾನೆ.

ಆ ಮದುವೆಗಳಲ್ಲಿ ನನ್ನ ಕೆಲಸ ಸಂಜೆಯ ಆರತಕ್ಷತೆಯಲ್ಲಿ ಮೈಕು ಹಿಡಿದು ಜನರ ದನಿ ತೆಗೆಯುವುದು, ಅಂದರೆ ಮಿಮಿಕ್ರಿ. ಬಸ್ಸಿನ ಕಂಡಕ್ಟರು, ಸೊಸೈಟಿಯ ಗುಮಾಸ್ತ, ಗಂಟಲು ಕಟ್ಟಿದ ಭಾಷಣಕಾರ, ಹೀಗೆ. ಶಿರಸಿಯಿಂದ ಸಿದ್ದಾಪುರ, ಯಲ್ಲಾಪುರದ ತನಕ ನನ್ನನ್ನು ಕರೆದು ನಗುತ್ತಾರೆ, ಆಮೇಲೆ ತಮ್ಮ ದನಿಯನ್ನೂ ತೆಗೆದೇನೆಂದು ಹೆದರಿ ನನ್ನೆದುರು ಮಾತು ಕಡಿಮೆ ಮಾಡುತ್ತಾರೆ. ನನಗೆ ಬಂದಿದ್ದ ಒಂದೇ ಒಂದು ಸಂಬಂಧ, ಹುಡುಗಿಯ ಅಪ್ಪನಿಗೆ ಅವರದೇ ದನಿಯಲ್ಲಿ "ಚಾ ಸಾಕ್ರಿ" ಅಂದದ್ದಕ್ಕೆ ತಪ್ಪಿಹೋಯಿತು. ಆ ಕಾರ್ಯಕ್ರಮಗಳಲ್ಲಿ ಎಂದೂ ಸೋಲದ ನನ್ನ ಸರಕೆಂದರೆ "ಕಂಡ್ತು". ಬನವಾಸಿ ಕಡೆಯ ಮದುಮಗನದು "ಕಂಡ್ತ್ರೀ, ಊಟಕ್ಕ ಏಳೂಣೇನ್ರೀ?" ಸಿದ್ದಾಪುರದ ಕಡೆಯವನದು, ಸಾಕ್ಷಿ ಹೇಳುವವನ ಹಾಗೆ ತೂಕ ಮಾಡಿ, "ಕಂಡಂಗೆ ಆತು." ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಯಾಕೆಂದರೆ ಎಲ್ಲರೂ ಒಂದಲ್ಲ ಒಂದು ದಿನ ಅಲ್ಲಿ ನಿಂತು ಅದೇ ಮಾತು ಹೇಳಿದವರು.

ನಗದೆ ಕೂತಿರುತ್ತಿದ್ದವಳು ನನ್ನ ಅತ್ತೆ. ಅಪ್ಪನ ತಂಗಿ. ಮದುವೆಯಾದವಳಲ್ಲ. ಎಕ್ಕಂಬಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಮಷಿನ್ನು. ಸುತ್ತಲಿನ ಊರುಗಳಲ್ಲಿ ಅರುಂಧತಿ ನೋಡಿದ ಹೆಣ್ಣುಮಕ್ಕಳಲ್ಲಿ ಅರ್ಧಕ್ಕರ್ಧ ಜನ ಅವಳು ಹೊಲಿದ ಬ್ಲೌಸು ತೊಟ್ಟೇ ನೋಡಿದ್ದು. ಮದುವೆಗೆ ಬಂದರೆ ಅವಳು ಊಟಕ್ಕಿಂತ ಮೊದಲು ಮದುಮಗಳ ಬೆನ್ನು ನೋಡುತ್ತಾಳೆ, ಹುಕ್ಕು ಎಳೆಯುತ್ತಿಲ್ಲವಷ್ಟೆ ಎಂದು. ಹಾಗೆ ಬೆನ್ನ ಹಿಂದೆ ನಿಂತೇ ಒಮ್ಮೆ ನನ್ನ ಕಿವಿಯಲ್ಲಿ ಕೇಳಿದಳು.

"ಖರೇನ ಅದು ಹೆಂಗಿರ್ತೈತೋ?"

"ಯಾವುದು?"

"ಅದ, ಅರುಂಧತಿ. ಇವರೆಲ್ಲ ನೋಡಿ ಬಂದ್ ಮ್ಯಾಲ ಯಾರೂ ಹೇಳೂದ ಇಲ್ಲ ನೋಡು."

"ನೋಡಿದ್ರ ತಾನ ಹೇಳೂದು? ಗಂಡ ಇದ್ದೋರಿಗೇ ಕಾಣಂಗಿಲ್ಲ, ನಿನಗೇನ ಕಾಣ್ತೈತಿ?" ಎಂದೆ. ನಮ್ಮಿಬ್ಬರ ನಡುವೆ ಇಂಥ ಮಾತು ನಡೆಯುತ್ತದೆ. ಅವಳು ನನ್ನ ಬೆನ್ನಿಗೆ ಒಂದು ಗುದ್ದು ಬೀಸಿದಳು. ಆದರೆ ಗುದ್ದು ಬೆನ್ನಿಗೆ ತಾಗದೆ ಪಕ್ಕದ ಕಂಬಕ್ಕೆ ತಾಗಿತು. ಆಗ ಅದಕ್ಕೂ ನಕ್ಕೆವು.

ಆಮೇಲೆ ಒಂದೊಂದಾಗಿ ಶುರುವಾಯಿತು. ಪಕ್ಕದಲ್ಲಿಟ್ಟ ಚಹಾದ ಲೋಟ ಉರುಳುವುದು, ಬಾಗಿಲಿನ ಚೌಕಟ್ಟಿಗೆ ಭುಜ ತಾಗುವುದು, ಬದಿಯಿಂದ ಬಂದ ಸೈಕಲ್ಲು ಮೈಮೇಲೆ ಬಂದ ಮೇಲೇ ಕಾಣುವುದು. ಮನೆಯವರೆಲ್ಲ ಅವಳಿಗೆ ತಲೆ ತಿರುಗುತ್ತದೆ ಎಂದುಕೊಂಡರು. ಕಣ್ಣಿನ ಮೇಲೆ ಯಾರಿಗೂ ಸಂಶಯ ಬರಲಿಲ್ಲ, ಯಾಕೆಂದರೆ ಅವಳು ಸೂಜಿಗೆ ದಾರ ಪೋಣಿಸುತ್ತಿದ್ದುದು ಈಗಲೂ ಒಂದೇ ಏಟಿಗೆ. ಕನ್ನಡಕ ಹಾಕಿದ ನಮ್ಮಪ್ಪನೇ ದಾರದ ತುದಿ ನೆಕ್ಕುತ್ತ ಕೂತಿರುವಾಗ ಸೂಜಿ ಕಸಿದುಕೊಂಡು ಪೋಣಿಸಿ ಕೊಡುವವಳ ಕಣ್ಣು ಕೆಟ್ಟಿದೆ ಎಂದರೆ ಯಾರು ನಂಬಬೇಕು?

ಶಿರಸಿಯ ಕಣ್ಣಿನ ಡಾಕ್ಟರು ನಂಬಿದರು. ಗ್ಲಾಕೋಮಾ ಎಂದರು. ಕಣ್ಣಿನೊಳಗಿನ ಒತ್ತಡ ಏರಿ ನರ ಸವೆದಿದೆ. ಅಂಚಿನ ನೋಟ ಮೊದಲು ಹೋಗುತ್ತದೆ, ನಡುವಿನದು ಕೊನೆಯವರೆಗೆ ಉಳಿದಿರುತ್ತದೆ, ಅದಕ್ಕೇ ಸೂಜಿ ಕಾಣುತ್ತದೆ, ಲೋಟ ಕಾಣುವುದಿಲ್ಲ. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಆದಷ್ಟು ದಿನ ಉಳಿಸಿಕೊಳ್ಳಲು ಹನಿ ಹಾಕಬೇಕು. ಅತ್ತೆ ಎಲ್ಲ ಕೇಳಿಸಿಕೊಂಡು, "ಅಂದ್ರ ಪೈಪಿನಾಗಿಂದ ನೋಡಿದಂಗ" ಎಂದಳು. ಡಾಕ್ಟರು ಹೌದೆಂದರು. ಬಸ್ಸಿನಲ್ಲಿ ಬರುವಾಗ ಆ ಡಾಕ್ಟರ ದನಿ ತೆಗೆದು ತೋರಿಸಿದೆ. ಅವಳು ನಕ್ಕಳು, ಆದರೆ ಕಿಟಕಿಯ ಕಡೆಗೆ ತಿರುಗಿ.

ವೈಶಾಖದ ಮದುವೆಗಳ ಗದ್ದಲ ಕಳೆಯುವ ಹೊತ್ತಿಗೆ ಒಂದು ಮಧ್ಯಾಹ್ನ ಅವಳು ಒಬ್ಬ ಹುಡುಗಿಯನ್ನು ಬಾಗಿಲಿನಿಂದಲೇ ಹಿಂದೆ ಕಳಿಸಿದಳು. ತುಳಸಿ ಲಗ್ನ ಮುಗಿದ ಮೇಲೆ ಆ ಹುಡುಗಿಯ ಮದುವೆ, ಈಗಲೇ ಹೇಳಿಟ್ಟು ಹೋಗಲು ಬಂದಿದ್ದಳು. "ಬ್ಯಾರೇ ಕಡೆ ನೋಡವ್ವಾ" ಎಂದುಬಿಟ್ಟಳು ಅತ್ತೆ. ಗಿರಾಕಿಯನ್ನು ಅವಳು ಹಾಗೆ ಕಳಿಸಿದ್ದನ್ನು ನಾನು ಹುಟ್ಟಿದಂದಿನಿಂದ ಕಂಡಿರಲಿಲ್ಲ.

"ಯಾಕತ್ತಿ, ಅಕಿ ಬೆನ್ನು ಸೊಟ್ಟ ಐತೇನು?"

"ಸುಮ್ನಿರು ಮಂಗ್ಯಾ. ಒಪ್ಪಿಕೊಂಡು ಆಮ್ಯಾಲ ನಾ ಇರಲಿಲ್ಲಂದ್ರ? ಪಾಪ, ಅಕಿ ಬಟ್ಟಿ ಅರ್ಧಾ ಕತ್ತರಿಸಿದ್ದು ಉಳೀತೈತಿ."

"ಎಲ್ಲಿಗೆ ಹೊಂಟಿ ನೀನು?"

ಅವಳು ಮೊದಲು ಮಷಿನ್ನಿನ ಗಾಲಿಗೆ ಎಣ್ಣೆ ಬಿಟ್ಟಳು. ಆಮೇಲೆ ಹೇಳಿದಳು. ಹದಿನೈದು ದಿನದಿಂದ ದೀಪ ಹಚ್ಚಿದ ಮೇಲೆ ಅಂಗಳಕ್ಕೆ ಹೋಗಿ ಉತ್ತರದ ಕಡೆ ನೋಡುತ್ತಿದ್ದಳಂತೆ. ಸಪ್ತರ್ಷಿಗಳನ್ನು ಅವಳಿಗೆ ಸಣ್ಣವಳಿದ್ದಾಗ ಅಜ್ಜ ತೋರಿಸಿದ್ದ. ಈಗ ಏಳೂ ಒಟ್ಟಿಗೆ ಕಾಣುವುದಿಲ್ಲ, ಒಂದೊಂದನ್ನೇ ಹುಡುಕಿ ಹಿಡಿಯಬೇಕು. ಬಾಲದ ನಡುವಿನ ವಸಿಷ್ಠ ಮಸುಕಾಗಿ ಸಿಕ್ಕಿದೆ. ಪಕ್ಕದಲ್ಲಿ ಅರುಂಧತಿ ಇಲ್ಲ.

"ಕಾಣದವರಿಗೆ ಆರ ತಿಂಗಳಂತ. ನಮ್ಮಜ್ಜ ಹೇಳತಿದ್ದ. ಆರ ತಿಂಗಳಂದ್ರ ತುಳಸಿ ಲಗ್ನಾನ ಬರ್ತೈತಿ, ಎಣಿಸಿ ನೋಡು."

ನಮ್ಮ ಕಡೆ ಈ ನಂಬಿಕೆ ಇದೆ ಎಂದು ಕೇಳಿದ್ದೆ. ಅದನ್ನು ಹಿಡಿದುಕೊಂಡು ಯಾರಾದರೂ ಹೊಲಿಗೆಯ ಗಿರಾಕಿಯನ್ನು ವಾಪಸು ಕಳಿಸಿಯಾರು ಎಂದು ಮಾತ್ರ ಎಣಿಸಿರಲಿಲ್ಲ. ಹಗಲಲ್ಲಿ ಕಾಣದ್ದನ್ನು ಕಂಡೆವು ಎನ್ನುವ ಊರಿನವರೆಲ್ಲ ಆರಾಮಾಗಿ ಬದುಕಿದ್ದರು, ರಾತ್ರಿ ಪ್ರಾಮಾಣಿಕವಾಗಿ ನೋಡಲು ಹೋದವಳೊಬ್ಬಳು ಸಾಯಲು ತಯಾರಾಗುತ್ತಿದ್ದಳು. ನನಗೆ ಒಂದು ತಮಾಷೆಯೂ ಹೊಳೆಯಲಿಲ್ಲ.

ಹೊಳೆದದ್ದು ಸಿದ್ದಾಪುರದ ಮೇಷ್ಟ್ರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು, ತಮ್ಮದೇ ಒಂದು ದುರ್ಬೀನು ಇಟ್ಟುಕೊಂಡವರು. ಅವರ ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ನಾನು ಅವರ ದನಿಯನ್ನೇ ತೆಗೆದಿದ್ದೆ, ಸಿಟ್ಟಾಗುವ ಬದಲು, "ಆನು ಹಿಂಗೇ ಮಾತಾಡ್ತ್ನಾ?" ಎಂದು ಮನೆಮಾತಿನಲ್ಲಿ ಹೆಂಡತಿಯನ್ನು ಕೇಳಿ ಖಚಿತ ಮಾಡಿಕೊಂಡಿದ್ದರು. ಆಮೇಲೆ ರಜೆಯಲ್ಲಿ ಊರೂರಿಗೆ ದುರ್ಬೀನು ಒಯ್ಯುವಾಗ ನನ್ನನ್ನೂ ಕರೆಯತೊಡಗಿದರು, ಸಾಲಿನಲ್ಲಿ ಕಾಯುವ ಮಕ್ಕಳು ದಾಂಧಲೆ ಮಾಡದಂತೆ ನಗಿಸುತ್ತಿರಲು. ಒಮ್ಮೆ ಕಿರವತ್ತಿಯಲ್ಲಿ ಹೆದ್ದಾರಿಯ ಪಕ್ಕ ನಿಲ್ಲಿಸಿದ್ದೆವು. ಢಾಬಾಗಳ ದೀಪದಲ್ಲಿ ಆಕಾಶವೆಲ್ಲ ಹಾಲು ಚೆಲ್ಲಿದಂತಾಗಿ ಚಂದ್ರನ ಹೊರತು ಏನೂ ಸಿಗಲಿಲ್ಲ. ಲಾರಿ ನಿಲ್ಲಿಸಿ ಬಂದ ಒಬ್ಬ ಚಂದ್ರನ ಗುಂಡಿಗಳನ್ನೆಲ್ಲ ನೋಡಿ ಮುಗಿಸಿ, "ಇದನ್ನ ಹಿಂಗ ಹೊಳ್ಳಿಸಿದ್ರ ಹುಬ್ಬಳ್ಳಿ ಕಾಣ್ತೈತೇನ್ರಿ?" ಎಂದು ಕೇಳಿದ್ದ. ಮೇಷ್ಟ್ರು ಅವನಿಗೆ ಭೂಮಿ ಗುಂಡಗಿದೆ ಎಂಬಲ್ಲಿಂದ ಶುರು ಮಾಡಿದ್ದರು.

ಅತ್ತೆಯ ವಿಷಯ ಫೋನಿನಲ್ಲಿ ಹೇಳಿದೆ.

"ನಡೂಮಧ್ಯ ಕಾಣ್ತಲ್ಲ ಅವಕ್ಕೆ? ಹಂಗಾರೆ ದುರ್ಬೀನಿಗೆ ಅಷ್ಟೇ ಸಾಕು ಮಾರಾಯಾ. ಅದೂ ಒಂದು ಪೈಪೇ ಅಲ್ದಾ? ಚಂದಗುಳಿ ಬದಿಗೆ ಮಕ್ಕಳ ಬೇಸಿಗೆ ಶಿಬಿರ ಇದ್ದು, ಕರ್ಕಂಡು ಬಾ."

"ಕಾಣದಿದ್ರೆ?"

"ಅದನ್ನ ಆನು ಹೇಳಲೆ ಬತ್ತಿಲ್ಲೆ."

ಅತ್ತೆಗೆ ಚಂದಗುಳಿಯ ಗಂಟೆ ಗಣೇಶನಿಗೆ ಕೈ ಮುಗಿದು ಬರೋಣ ಎಂದಷ್ಟೇ ಹೇಳಿದೆ. ಮೇಷ್ಟ್ರ ಹಳೆಯ ವ್ಯಾನಿನಲ್ಲಿ ಯಲ್ಲಾಪುರ ದಾಟುವಾಗ, ಹಿಂದಿನ ಸೀಟಿನ ಉದ್ದನೆಯ ಪೆಟ್ಟಿಗೆಯ ಮೇಲೆ ಕೈಯಾಡಿಸಿದ ಅವಳಿಗೆ ಎಲ್ಲ ತಿಳಿಯಿತು. ಮೊದಲು ನನ್ನನ್ನು ಬೈದಳು. ಆಮೇಲೆ ಮೇಷ್ಟ್ರನ್ನು ಕೇಳಿದಳು, "ಅಲ್ರೀ ಸರ್, ಭಟ್ಟರು ಹಗಲಾಗ ತೋರಸ್ತಾರಲ್ಲ, ಆಗ ಅದು ಎಲ್ಲಿರ್ತೈತ್ರಿ?"

"ಈ ಬೇಸಿಗೆ ಮದುವೆಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಅದು ಉತ್ತರಕ್ಕೆ, ನೆಲದ ಕೆಳಗೆ ಇರ್ತದೆ ನೋಡಿ. ಭೂಮಿ ಅಡ್ಡ. ಸೂರ್ಯನ ಬೆಳಕೇ ಇಲ್ದಿದ್ರೂ ಕಾಣ್ತಿರಲಿಲ್ಲ. ಬೆರಳನ್ನ ಆಕಾಶಕ್ಕಲ್ಲ, ಮದುಮಕ್ಕಳ ಕಾಲ ಬುಡಕ್ಕೆ ತೋರಿಸ್ಬೇಕು."

"ಅಯ್ಯ! ಅಲ್ಲೇ ನನ್ನ ಚಪ್ಲಿ ಇರ್ತಾವು" ಎಂದಳು ಅತ್ತೆ. ಮೇಷ್ಟ್ರು ಸ್ಟಿಯರಿಂಗ್ ಹಿಡಿದು ನಕ್ಕ ನಗೆಗೆ ವ್ಯಾನು ಅಲುಗಿತು. ನನಗೆ ಹೊಟ್ಟೆಕಿಚ್ಚಾಯಿತು, ನಾನು ಅಷ್ಟು ದಿನದಿಂದ ಅವರ ಜೊತೆ ತಿರುಗುತ್ತಿದ್ದರೂ ಒಮ್ಮೆಯೂ ಅಷ್ಟು ನಗಿಸಿರಲಿಲ್ಲ.

ಗಣೇಶನ ಗುಡಿಯಲ್ಲಿ ಹರಕೆಯ ಗಂಟೆಗಳು ಗೊಂಚಲು ಗೊಂಚಲಾಗಿ ತೂಗುತ್ತಿದ್ದವು. ಅವಳು ಅವುಗಳ ನಡುವೆ ನಿಧಾನಕ್ಕೆ, ಒಂದು ಕೈ ಮುಂದೆ ಚಾಚಿ ನಡೆದಳು. ಬದಿಯ ಗಂಟೆಗಳು ತಲೆಗೆ ತಾಗಿ ತಾವಾಗಿ ಮೊಳಗುತ್ತಿದ್ದವು. ಏನು ಬೇಡಿಕೊಂಡೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ, ನಿನಗೊಂದು ಹೆಣ್ಣು ಸಿಗಲಿ ಎಂದೆ ಅನ್ನುತ್ತಿದ್ದಳು.

ಶಿಬಿರದಲ್ಲಿ ಸಂಜೆ ನಾಲ್ಕರ ಬಿಸಿಲಿಗೆ ಮೇಷ್ಟ್ರು ಮೊದಲು ಸೂರ್ಯನನ್ನು ತೋರಿಸಿದರು. ದುರ್ಬೀನಿನಲ್ಲಿ ಸೂರ್ಯನಿಗೆ ಕಣ್ಣು ಕೊಟ್ಟರೆ ಕಣ್ಣೇ ಸುಟ್ಟುಹೋಗುತ್ತದೆ ಎಂದು ಮಕ್ಕಳಿಂದ ಬಾಯಿಪಾಠ ಹೇಳಿಸಿ, ಯಾರೂ ಕೊಳವೆಯ ಹತ್ತಿರ ಬಾರದಂತೆ ನನ್ನನ್ನು ಅಡ್ಡ ನಿಲ್ಲಿಸಿ, ಹಿಂದೆ ಒಂದು ಬಿಳಿ ರಟ್ಟು ಹಿಡಿದರು. ರಟ್ಟಿನ ಮೇಲೆ ರೊಟ್ಟಿಯಷ್ಟಗಲದ ಬೆಳಕು ಬಿತ್ತು. ಅದು ಸುಮ್ಮನೆ ಒಂದು ಬದಿಗೆ ಜಾರುತ್ತಲೇ ಇತ್ತು.

"ಸರ್, ಕೈ ನಡಗಾಕತ್ತೈತೇನ್ರಿ?" ಎಂದಳು ಅತ್ತೆ.

"ನನ್ನ ಕೈಯಲ್ಲ. ಭೂಮಿ ತಿರುಗ್ತಾ ಇರೋದು ಅದು."

ಅವಳು ರಟ್ಟಿಗೆ ಮುಖ ಹತ್ತಿರ ಒಯ್ದು, ಬಟ್ಟೆಯಲ್ಲಿ ನೂಲು ಜಾರಿದ ಜಾಗ ಹುಡುಕುವವಳಂತೆ ಬೆಳಕಿನ ಮೇಲೆ ಅಂಗುಲಂಗುಲವಾಗಿ ಕಣ್ಣು ಆಡಿಸಿದಳು. "ಇಲ್ಲಿ ಎರಡು ಕರೀ ಚುಕ್ಕಿ ಅದಾವು. ಗುಂಡಿಗೆ ಕಾಜಾ ಹೊಡದಂಗ."

"ಅವು ಸೂರ್ಯನ ಕಲೆ. ಸುತ್ತಲಿನದಕ್ಕಿಂತ ಸ್ವಲ್ಪ ತಂಪಿರೋ ಜಾಗ, ಹಂಗಾಗಿ ಕಪ್ಪು ಕಾಣ್ತದೆ. ಆ ದೊಡ್ಡದರೊಳಗೆ ನಮ್ಮ ಭೂಮಿ ಹೋಗಿ ಕೂತ್ಕೊಳ್ತದೆ."

"ಎಲ್ಲರನ್ನೂ ಹಿಡ್ಕೊಂಡು?"

"ಇವನನ್ನೂ ಹಿಡ್ಕೊಂಡು" ಎಂದು ಮೇಷ್ಟ್ರು ನನ್ನನ್ನು ತೋರಿಸಿದರು. ಆ ಬೆಳಕು ಸೂರ್ಯನಿಂದ ಹೊರಟು ಇಲ್ಲಿಗೆ ಮುಟ್ಟಲು ಎಂಟು ನಿಮಿಷ ಬೇಕು, ಸೂರ್ಯನೂ ಒಂದು ನಕ್ಷತ್ರವೇ, ಹತ್ತಿರ ಇರುವುದರಿಂದ ದೊಡ್ಡಸ್ತಿಕೆ ಅಷ್ಟೆ ಎಂದು ಮಕ್ಕಳಿಗೆ ಹೇಳಿದರು. ನಾನು ಸೂರ್ಯನ ದನಿಯಲ್ಲಿ, ಅಂದರೆ ಮದುವೆಗೆ ಬಂದ ಶ್ರೀಮಂತ ಮಾವನ ದನಿಯಲ್ಲಿ, ನಾಲ್ಕು ಮಾತಾಡಿದೆ. ಮಕ್ಕಳು ನಕ್ಕರು. ಅತ್ತೆ ಉತ್ತರ ದಿಕ್ಕು ಯಾವುದೆಂದು ಒಬ್ಬ ಹುಡುಗಿಯನ್ನು ಕೇಳುತ್ತಿದ್ದಳು.

ಏಳೂವರೆಗೆ ಕತ್ತಲು ಕೂತಿತು. ಚಂದಗುಳಿಯ ಕತ್ತಲಿಗೆ ಕಿರವತ್ತಿಯ ಢಾಬಾಗಳು ತಲುಪುವುದಿಲ್ಲ. ಪಶ್ಚಿಮಕ್ಕೆ ಮಾತ್ರ ಮೇ ತಿಂಗಳ ಮೋಡ ಒಟ್ಟಾಗುತ್ತಿತ್ತು, ಆಗಾಗ ಶಬ್ದವಿಲ್ಲದೆ ಮಿಂಚುತ್ತಿತ್ತು. ಮೇಷ್ಟ್ರು ಅದನ್ನು ನೋಡಿ, ಮಕ್ಕಳನ್ನು ಹಿಂದೆ ಇಟ್ಟು, ಅತ್ತೆಯನ್ನೇ ಮೊದಲು ಕರೆದರು. ಈಶಾನ್ಯದಲ್ಲಿ ಸಪ್ತರ್ಷಿಗಳು ಮೇಲೇರಿದ್ದವು. ನನ್ನ ಕಣ್ಣಿಗೆ ವಸಿಷ್ಠ, ಅದರ ಪಕ್ಕ ಎಳ್ಳಿನಷ್ಟು ಅರುಂಧತಿ, ಎರಡೂ ಸಲೀಸಾಗಿ ಕಂಡವು. ಅಷ್ಟು ಸಲೀಸಾಗಿ ಕಂಡದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

"ಸರ್, ನನಗ ಬರೀ ಮಬ್ಬ ಐತ್ರಿ" ಎಂದಳು ಅತ್ತೆ ತಲೆಯೆತ್ತಿ. ದನಿ ಸಣ್ಣದಾಗಿತ್ತು.

"ಆಗಲಿ. ನಿಮ್ಮ ಕಣ್ಣಿನ ಗೊಂಬೆ ಇಷ್ಟು ಸಣ್ಣ ಬಾಗಿಲು. ಈ ದುರ್ಬೀನಿನ ಬಾಯಿ ಇಷ್ಟು ದೊಡ್ಡದು. ಅದು ಬೆಳಕು ತುಂಬಿಸಿಕೊಂಡು ಒಂದೇ ಧಾರೆ ಮಾಡಿ ನಿಮ್ಮ ಕಣ್ಣಿಗೆ ಹೊಯ್ತದೆ. ನೀವು ಗಡಿಬಿಡಿ ಮಾಡ್ಬೇಡಿ."

ಅವಳು ಬಾಗಿದಳು. ನಾನು ಅವಳ ಭುಜ ಹಿಡಿದುಕೊಂಡಿದ್ದೆ. ನನಗೆ ಒಂದೇ ಹೆದರಿಕೆ, ನನ್ನನ್ನು ಸಮಾಧಾನ ಮಾಡಲು ಅವಳು ಬೇಕೆಂದೇ "ಕಂಡ್ತು" ಎಂದರೆ ಏನು ಮಾಡಲಿ? ಆ ಮಾತಿನ ಹತ್ತು ಬಗೆಯ ಸುಳ್ಳು ದನಿ ನನಗೆ ಗೊತ್ತು. ಅವಳ ಬಾಯಿಂದ ಅದು ಬಂದರೆ ನಾನು ಗುರುತಿಸುತ್ತೇನೆ, ಗುರುತಿಸಿದ್ದು ಅವಳಿಗೂ ಗೊತ್ತಾಗುತ್ತದೆ. ಮಕ್ಕಳು ಗಲಾಟೆ ಮಾಡುತ್ತಿದ್ದರು, ಅವರನ್ನು ನಗಿಸಬೇಕಾದವನು ನಾನು. ಒಂದು ದನಿಯೂ ಹೊರಡಲಿಲ್ಲ.

"ಸರ್" ಎಂದಳು ಅತ್ತೆ, ಕಣ್ಣು ತೆಗೆಯದೆ. "ಎರಡಂದಿದ್ರಲ್ಲ. ಮೂರ ಅದಾವಲ್ರೀ."

ಕಾಣದಿರುವುದು ಒಂದು, ಇಲ್ಲದ್ದು ಕಾಣುವುದು ಇನ್ನೊಂದು. ಡಾಕ್ಟರು ಹೇಳದೆ ಉಳಿಸಿದ್ದು ಏನಾದರೂ ಇದೆಯೇ ಎಂದುಕೊಂಡೆ.

"ಹೆಂಗೆ ಇದ್ದು ಹೇಳಿ" ಎಂದರು ಮೇಷ್ಟ್ರು. ಅವರ ದನಿಯಲ್ಲಿ ನಾನು ಎಂದೂ ಕದಿಯದಿದ್ದ ಏನೋ ಒಂದು ಇತ್ತು.

"ಅಕಿ ದೂರ ಒಬ್ಬಾಕಿ ಕುಂತಾಳ. ಅಂವ ಇಲ್ಲಿ ಅದಾನ. ಅವನ ಮಗ್ಗಲಕ್ಕ, ಒಂದಕ್ಕೊಂದು ತಾಗಿದಂಗ, ಇನ್ನೊಂದು ಸಣ್ಣದು. ಯಾರ್ರೀ ಅಕಿ?"

ಮೇಷ್ಟ್ರು ಕತ್ತಲಲ್ಲಿ ಚಪ್ಪಾಳೆ ಹೊಡೆದರು. ವಸಿಷ್ಠ ಬರಿಗಣ್ಣಿಗೆ ಒಂದೇ ನಕ್ಷತ್ರ, ದುರ್ಬೀನಿನಲ್ಲಿ ಮಾತ್ರ ಎರಡಾಗಿ ಒಡೆಯುತ್ತದೆ, ಅವೆರಡೂ ಜೋಡಿ, ಒಂದನ್ನೊಂದು ಸುತ್ತುತ್ತವೆ ಎಂದರು. ಅದನ್ನು ಅವರು ಯಾರಿಗೂ ಮೊದಲೇ ಹೇಳುವುದಿಲ್ಲವಂತೆ. ಹೇಳಿದರೆ ಎಲ್ಲರೂ ಮೂರೆನ್ನುತ್ತಾರೆ. ನನಗೂ ಹೇಳಿರಲಿಲ್ಲ.

"ಹೆಂಡ್ತಿನ್ನ ಅಷ್ಟು ದೂರ ಕುಂಡ್ರಿಸಿ ಮಗ್ಗಲಕ್ಕ ಇನ್ನೊಬ್ಬಾಕಿನ್ನ ಇಟ್ಕೊಂಡಾನ! ಇವರನ್ನ ತೋರಸ್ತಾರೇನ್ರಿ ಮದುವ್ಯಾಗ?" ಎಂದಳು ಅತ್ತೆ. ಅವಳು ನಗುತ್ತಿದ್ದಳು, ಭುಜ ಕುಲುಕುತ್ತಿತ್ತು. ಸ್ವಲ್ಪ ಹೊತ್ತಿಗೆ ಕುಲುಕುವುದು ಬೇರೆ ಥರ ಆಯಿತು. ಕಣ್ಣು ಮಾತ್ರ ತೆಗೆಯಲಿಲ್ಲ. ನಕ್ಷತ್ರ ಬದಿಗೆ ಜಾರಿದಾಗಲೆಲ್ಲ "ಹೋದ್ರು, ಹೋದ್ರು" ಎನ್ನುತ್ತಿದ್ದಳು, ಮೇಷ್ಟ್ರು ಮತ್ತೆ ಹಿಡಿದುಕೊಡುತ್ತಿದ್ದರು.

"ನೀವೀಗ ನೋಡ್ತಾ ಇರೋ ಬೆಳಕು ಅಲ್ಲಿಂದ ಹೊರಟು ಸುಮಾರು ಎಂಬತ್ತು ವರ್ಷ ಆಯ್ತು" ಎಂದರು ಮೇಷ್ಟ್ರು ಮೆಲ್ಲಗೆ. "ನಾವ್ಯಾರೂ ಆಗ ಹುಟ್ಟಿರಲಿಲ್ಲ. ಎಲ್ಲೂ ನಿಲ್ಲದೆ ಬಂದು ಈಗ ನಿಮ್ಮ ಕಣ್ಣಲ್ಲಿ ಇಳೀತಾ ಇದ್ದು."

ಅತ್ತೆ ಕಣ್ಣು ತೆಗೆದು, ಸೆರಗಿನಿಂದ ಒರೆಸಿಕೊಂಡು, ಮತ್ತೆ ಬಾಗಿದಳು.

"ನನ್ನ ನೋಡಾಕ ಇಷ್ಟು ದೂರದಿಂದ ಯಾರೂ ಬಂದಿರಲಿಲ್ರೀ ಸರ್."

ಹೆಣ್ಣು ನೋಡಲು ಬಂದವರ ಎದುರು ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದ ಅವಳನ್ನು ನಾನು ಕಂಡವನಲ್ಲ. ಅದೆಲ್ಲ ನಾನು ಹುಟ್ಟುವ ಮೊದಲೇ ಮುಗಿದಿತ್ತು. ಮನೆಯಲ್ಲಿ ಆ ಮಾತು ಎತ್ತುತ್ತಿರಲಿಲ್ಲ. ಎಲ್ಲರ ದನಿ ತೆಗೆಯುವ ನಾನು, ಆ ಹೊತ್ತಿನಲ್ಲಿ ಅವಳಿಗೆ ಏನಾದರೂ ಹೇಳಲು ನನ್ನ ಗಂಟಲಿನಲ್ಲಿ ನನ್ನದೇ ಅಂತ ಒಂದು ದನಿ ಹುಡುಕಿದೆ. ಸಿಗಲಿಲ್ಲ. ಸೋರುವ ಮೂಗನ್ನು ಎಳೆದುಕೊಂಡೆ.

"ನಿಂಗೇನಾತೋ?"

"ಥಂಡಿ, ಅತ್ತಿ."

"ಮೇ ತಿಂಗಳಾಗ?"

ಆಮೇಲೆ ಮಕ್ಕಳ ಸಾಲು ಸಾಗಿತು. ಸಾಲು ಮುಗಿಯಲಿ ಎಂದು ನಾನು ಹಿಂದೆ ನಿಂತೆ. ಕೊನೆಯ ಹುಡುಗಿ "ಮೂರು!" ಎಂದು ಕೂಗುವಷ್ಟರಲ್ಲಿ ಪಶ್ಚಿಮದ ಮೋಡ ತಲೆಯ ಮೇಲೆ ಬಂದಿತ್ತು. ನಾನು ಕಣ್ಣಿಟ್ಟಾಗ ಕೊಳವೆಯೊಳಗೆ ಬೂದು ಬಣ್ಣದ ಹೊರತು ಏನೂ ಇರಲಿಲ್ಲ. ದೊಡ್ಡ ದೊಡ್ಡ ಹನಿ ಬಿದ್ದವು, ಮೇಷ್ಟ್ರು ತಮ್ಮ ಅಂಗಿ ತೆಗೆದು ದುರ್ಬೀನಿಗೆ ಸುತ್ತಿದರು. ವ್ಯಾನಿನಲ್ಲಿ ಅತ್ತೆ ನನ್ನ ಫೋನು ಕೇಳಿ, ಹಿಂದೆ ಕಳಿಸಿದ್ದ ಆ ಹುಡುಗಿಗೆ ತಾನೇ ಮಾತಾಡಿದಳು. "ಅಳತಿ ಬ್ಲೌಸ್ ತಗೊಂಡು ಬಾರವ್ವಾ. ಹೂಂ, ನಾನ ಹೊಲಿತೀನಿ."

ಹೊಲಿದಳು. ತುಳಸಿ ಲಗ್ನ ಬಂತು, ಹೋಯಿತು. ಆ ಹುಡುಗಿಯ ಬೆನ್ನಿನ ಹಿಂದೆ ನಿಂತು ಹುಕ್ಕು ನೋಡಿದಳು. ಮತ್ತೊಂದು ಬೇಸಿಗೆಯೂ ಬಂದಿದೆ. ಮೇಷ್ಟ್ರಿಗೆ ಕುಮಟೆಯ ಕಡೆಗೆ ವರ್ಗವಾಗಿ ದುರ್ಬೀನೂ ಘಟ್ಟ ಇಳಿಯಿತು. ಅಲ್ಲಿ ರಾತ್ರಿ ಬಹಳ ತೇವ, ಮಸೂರಕ್ಕೆ ಬೂಸು ಹಿಡಿಯುತ್ತದೆ ಎಂದು ಫೋನಿನಲ್ಲಿ ಅಳುತ್ತಾರೆ. ಅತ್ತೆ ಹನಿ ಹಾಕುವುದನ್ನು ತಪ್ಪಿಸುವುದಿಲ್ಲ. ಆದರೂ ಪೈಪು ಸಣ್ಣದಾಗುತ್ತಿದೆ. ಸೂಜಿಗೆ ಈಗ ಎರಡನೆಯ ಏಟು ಬೇಕಾಗುತ್ತದೆ. ಎರಡನೆಯ ಏಟಿಗೆ ನಾವು ಯಾರೂ ನೋಡದ ಹಾಗೆ ಗೋಡೆಯ ಕಡೆ ತಿರುಗಿ ಕೂರುತ್ತಾಳೆ.

ನಾನು ಆ ಮೂರನೆಯದನ್ನು ಇನ್ನೂ ನೋಡಿಲ್ಲ. ಕುಮಟೆಗೆ ಹೋಗಿ ಬರಬಹುದು, ದೂರವೇನಲ್ಲ. ಹೋದರೆ ಅವಳನ್ನೂ ಕರೆದುಕೊಂಡು ಹೋಗಬೇಕು. ಕರೆದುಕೊಂಡು ಹೋಗಿ, ಅವಳು ಬಾಗಿ, ಈ ಸಲ ಸುಮ್ಮನಾಗಿಬಿಟ್ಟರೆ? ಹಾಗಾಗಿ ಮೇಷ್ಟ್ರು ಕರೆದಾಗಲೆಲ್ಲ ಕಾರ್ಯಕ್ರಮ ಇದೆ ಎನ್ನುತ್ತೇನೆ, ಕೆಲವೊಮ್ಮೆ ನಿಜವಾಗಿಯೂ ಇರುತ್ತದೆ. ಸಂಜೆ ದೀಪ ಹಚ್ಚಿದ ಮೇಲೆ ಅವಳು ಮೆಟ್ಟಿಲ ಮೇಲೆ ಕೂರುತ್ತಾಳೆ. ತಾಗಿದಂತಿದ್ದ ಆ ಎರಡರ ನಡುವೆ ಎಷ್ಟು ಜಾಗ ಇತ್ತು ಅತ್ತಿ ಎಂದು ನಾನು ಕೇಳುತ್ತೇನೆ. ಎಷ್ಟು ಸಲ ಕೇಳಿದರೂ ಬೇಸರಿಸದೆ, ಹೆಬ್ಬೆರಳು ತೋರುಬೆರಳು ಕೂಡಿಸಿ, ಒಂದು ನೂಲು ಹಾಯುವಷ್ಟು ಸಂದಿ ಬಿಟ್ಟು ತೋರಿಸುತ್ತಾಳೆ. ನಾನು ಅಂಗಳದಲ್ಲಿ ಉತ್ತರಕ್ಕೆ ಮುಖ ಮಾಡಿ, ವಸಿಷ್ಠನೊಳಗೆ ಆ ಸಂದಿಯನ್ನು ಹುಡುಕುತ್ತ, ಅವಳು ಊಟಕ್ಕೆ ಕರೆಯುವ ತನಕ ನಿಂತಿರುತ್ತೇನೆ. ಕರೆದ ಮೇಲೂ ಸ್ವಲ್ಪ ಹೊ​ತ್ತು.